ಹೂಳು ಮೇಷ್ಟ್ರ ಮೂಗು

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಕಟ್ಟಿದವನು ಯಾರೋ ನನಗೆ ಗೊತ್ತಿಲ್ಲ. ಅವನ ಬಟ್ಟೆ ಒಗೆದವಳನ್ನು ಒಂದು ಮಾತು ಕೇಳಿದ್ದರೆ ಗಾದೆ ಬೇರೆ ಥರ ಇರುತ್ತಿತ್ತು, ಅದು ಮಾತ್ರ ಖಂಡಿತ. ನಮ್ಮ ಯಜಮಾನರು ಇಪ್ಪತ್ತಾರು ವರ್ಷದಿಂದ ಜನರ ಹಿತ್ತಲಿನ ಮೀನಿನ ಕೊಳಗಳ ಹೂಳು ತೆಗೆಯುತ್ತಿದ್ದಾರೆ. ಇಪ್ಪತ್ತಾರು ವರ್ಷದಿಂದ ನಾನು ಅವರ ಪ್ಯಾಂಟನ್ನು ಕೋಲಿನ ತುದಿಯಲ್ಲಿ ಎತ್ತಿ ಹಿತ್ತಲ ನಲ್ಲಿಯ ಕೆಳಗೆ ಹಾಕುತ್ತಿದ್ದೇನೆ. ಮೂರು ನೀರು ಬಿಡದೆ ಅದನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ.

ಊರಿನವರು ಇವರನ್ನು ಹೂಳು ಮೇಷ್ಟ್ರು ಎನ್ನುತ್ತಾರೆ. ಮೇಷ್ಟ್ರೂ ಇಲ್ಲ, ಮಣ್ಣೂ ಇಲ್ಲ. ಇವರ ಓದು ಏಳನೇ ಕ್ಲಾಸಿಗೇ ಕೈಕೊಟ್ಟಿತ್ತು. ಆದರೆ ಯಾರ ಮನೆಯ ಕೊಳಕ್ಕೆ ಇಳಿದರೂ ಮೊದಲು ಮನೆಯವರನ್ನು ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿ ಅರ್ಧ ಗಂಟೆ ಪಾಠ ಮಾಡುತ್ತಾರೆ. ಮೀನಿಗೆ ಎಷ್ಟು ತಿನಿಸು ಹಾಕಬೇಕು, ಎಲೆ ಯಾಕೆ ಬೀಳಬಾರದು, ಪಾಚಿಯನ್ನು ಯಾಕೆ ಉಜ್ಜಬಾರದು. ಕೇಳುವವರು ಆಕಳಿಸಿದರೆ ಮತ್ತೆ ಮೊದಲಿನಿಂದ ಶುರು. ಹೆಸರು ಸುಮ್ಮನೆ ಬಂದದ್ದಲ್ಲ.

ಈ ಪಾಠವನ್ನು ಇವರು ಕಲಿತದ್ದು ಕೆಟ್ಟ ಮೇಲೆ. ನಮ್ಮ ಮದುವೆಯಾದಾಗ ಇವರು ಊರಿನ ಈಜುಕೊಳದಲ್ಲಿ ಕೆಲಸಕ್ಕಿದ್ದರು. ನೀಲಿ ಟೈಲ್ಸ್ ಉಜ್ಜುವುದು, ನೀರಿಗೆ ಔಷಧಿ ಹಾಕುವುದು. ತಳದಲ್ಲಿ ಬಿದ್ದ ತಲೆಪಿನ್ನು ಮೇಲಿನಿಂದ ಕಾಣಬೇಕು, ಅಷ್ಟು ಚೊಕ್ಕಟ. ಒಂದು ವರ್ಷ ಕೊಳ ಬಿರುಕು ಬಿಟ್ಟಿತು, ಮುಚ್ಚಿದರು. ಆರು ತಿಂಗಳು ಇವರು ಮನೆಯಲ್ಲಿ ಕೂತರು. ಕೂತರು ಎಂದರೆ ಗೋಡೆ ನೋಡುತ್ತಾ ಕೂತರು. ಊಟಕ್ಕೆ ಕರೆದರೆ "ಯಾರಿಗೆ?" ಎನ್ನುತ್ತಿದ್ದರು. ಮಗಳು ಆಗ ತೊಡೆ ಮೇಲಿನ ಕೂಸು, ಅದು ಅತ್ತರೂ ತಿರುಗುತ್ತಿರಲಿಲ್ಲ.

ಆಮೇಲೆ ಮೇಲಿನ ಬೀದಿಯ ಡಾಕ್ಟರ ಮನೆಯಿಂದ ಕರೆ ಬಂತು, ಹಿತ್ತಲಿನ ಮೀನಿನ ಕೊಳ ಕ್ಲೀನ್ ಮಾಡಿಕೊಡಬೇಕು ಎಂದು. ಇವರಿಗೆ ಹೋದ ಜೀವ ಬಂದಂತಾಯಿತು. ಈಜುಕೊಳ ತೊಳೆದ ಹಾಗೇ ತೊಳೆದರು ಮಹಾರಾಯರು! ಹೂಳನ್ನೆಲ್ಲ ಬಾಚಿ ಎಸೆದು, ಗೋಡೆಯ ಪಾಚಿಯನ್ನು ತಂತಿ ಬ್ರಷ್ಷಿನಿಂದ ಕೆರೆದು, ನಲ್ಲಿಯ ನೀರು ತುಂಬಿ, ಮೀನು ಬಿಟ್ಟು, ಸಂಜೆ ನನ್ನನ್ನೂ ಕರೆದುಕೊಂಡು ಹೋಗಿ "ನೋಡೇ, ಕನ್ನಡಿ!" ಎಂದು ತೋರಿಸಿದರು. ಮೂರನೇ ದಿನ ಹದಿನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲಿದವು.

ಬೇರೆಯವರಾದರೆ ಆ ಬೀದಿಗೇ ಕಾಲಿಡುತ್ತಿರಲಿಲ್ಲ. ಇವರು ಡಾಕ್ಟರ ಕಾಲು ಹಿಡಿಯುವುದೊಂದು ಬಾಕಿ, ಬೇಡಿಕೊಂಡು ಎಂಟು ತಿಂಗಳು ಆ ಕೊಳದ ದಂಡೆಯಲ್ಲೇ ಕೂತು ಕಲಿತರು. ನಲ್ಲಿ ನೀರನ್ನು, ಅದರ ಔಷಧಿ ಹಾರಿಹೋಗುವ ಹಾಗೆ, ಎರಡು ದಿನ ಡ್ರಮ್ಮಿನಲ್ಲಿ ತೆರೆದಿಟ್ಟು ಆಮೇಲೆ ಹಾಕಬೇಕು. ಹೂಳನ್ನು ಪೂರ್ತಿ ತೆಗೆಯಬಾರದು, ಮೂರರಲ್ಲಿ ಒಂದು ಪಾಲು ಬಿಡಬೇಕು. ಕಣ್ಣಿಗೆ ಕಾಣದ ಜೀವ ಅದರಲ್ಲಿರುತ್ತದೆ, ನೀರನ್ನು ಕಾಯುವುದು ಅದೇ. ಆ ಪಾಲಿಗೆ ಇವರು ತಾಯಿಹೂಳು ಎಂದು ಹೆಸರಿಟ್ಟರು. ಮಗಳಿಗೆ ಹೆಸರಿಡುವಾಗಲೂ ಇಷ್ಟು ಯೋಚಿಸಿರಲಿಲ್ಲ.

ಇದರಲ್ಲೆಲ್ಲ ಕಷ್ಟದ್ದು ಮರದ ಕೆಳಗಿನ ಕೊಳ. ಎಲೆ ಬಿದ್ದು ಕೊಳೆತ ಹೂಳು ಮೇಲಿನಿಂದ ಕೆಳಗಿನ ತನಕ ಒಂದೇ ಕಪ್ಪು. ಮೇಲಿನ ಪದರ ಒಳ್ಳೆಯದು, ಮಣ್ಣಿನ ವಾಸನೆ. ಕೆಳಗಿನದು ವರ್ಷಾನುಗಟ್ಟಲೆ ಗಾಳಿ ಕಾಣದ್ದು, ಕೊಳೆತ ಮೊಟ್ಟೆಯ ನಾತ. ಅದನ್ನು ಒಮ್ಮೆಗೇ ಕಲಕಿದರೆ ಒಳಗಿನ ಕೆಟ್ಟ ಗಾಳಿ ನೀರಿಗೆ ಸೇರಿ ಮೀನಿಗೆ ಉಸಿರು ಕಟ್ಟುತ್ತದೆ. ಚಿಕ್ಕ ಮೀನುಗಳನ್ನು ಟಬ್ಬಿಗೆ ಎತ್ತಿಡಬಹುದು. ದೊಡ್ಡ, ವಯಸ್ಸಾದ ಮೀನುಗಳನ್ನು ಎತ್ತಿದರೆ ಹೆದರಿ ಬಡಿದುಕೊಂಡೇ ಸಾಯುತ್ತವೆ. ಅವನ್ನು ನೀರಿನಲ್ಲೇ ಬಿಟ್ಟು ನಡುವೆ ಬಲೆ ಕಟ್ಟಿ ಅರ್ಧರ್ಧ ಕೆಲಸ ಮಾಡಬೇಕು. ಹಾಗಾಗಿ ಯಾವ ಪದರ ಎಲ್ಲಿ ಮುಗಿಯಿತು ಎನ್ನುವುದು ಆ ಕ್ಷಣಕ್ಕೇ ತಿಳಿಯಬೇಕು. ಕಣ್ಣಿಗೆ ಅದು ತಿಳಿಯುವುದಿಲ್ಲ, ಮೂಗಿಗೆ ಮಾತ್ರ ತಿಳಿಯುತ್ತದೆ.

ಮೂಗು ಎಂದರೆ ಇವರದು! ಬಕೆಟ್ ಮೇಲೆ ಬರುವ ಮೊದಲೇ "ಸಾಕು, ಇವತ್ತಿಗೆ ಇಷ್ಟೇ. ತಿಳಿಯಾಗ್ಲಿ, ಮುಂದಿನ ವಾರ ಇನ್ನು ನಾಲ್ಕು ಬೆರಳು ತೆಗೆಯೋಣ" ಎನ್ನುತ್ತಿದ್ದರು. ಬೀದಿಯ ಆ ತುದಿಯ ಮನೆಯಲ್ಲಿ ಪೇಂಟು ಹೊಡೆಯುತ್ತಿದ್ದರೆ ಈ ತುದಿಯಲ್ಲಿ ಕೂತು ಬಾಗಿಲಿಗೋ ಕಿಟಕಿಗೋ ಎಂದು ಹೇಳಬಲ್ಲೆ ಎಂದು ಜಂಬ. ಬೇರೆ ಹೂಳಿನವರು ಕೋಲು ಊರಿ ಅಳತೆ ನೋಡುವುದನ್ನು ಕಂಡರೆ ನಗುತ್ತಿದ್ದರು. "ಕೋಲಿಗೆ ಮೂಗಿದೆಯೇನಯ್ಯಾ?"

ಮೂರು ವರ್ಷದ ಕೆಳಗೆ ಒಂದು ಜ್ವರ ಬಂತು. ಹನ್ನೆರಡು ದಿನ ಮಲಗಿ ಎದ್ದರು. ಎದ್ದ ವಾರದಲ್ಲೇ ಒಂದು ಬೆಳಿಗ್ಗೆ ನಾನು ಹಾಲು ಒಲೆಯ ಮೇಲಿಟ್ಟು ಬಟ್ಟೆ ಒಣಹಾಕಲು ಹೋಗಿದ್ದೆ. ಬಂದು ನೋಡಿದರೆ ಪಾತ್ರೆ ಕರಕಲು, ಮನೆ ತುಂಬ ಸೀದ ವಾಸನೆ, ಒಲೆಯಿಂದ ಮೂರು ಮೊಳ ದೂರದಲ್ಲಿ ಇವರು ಪೇಪರಿನ ಪದಬಂಧ ಬಿಡಿಸುತ್ತಾ ಕೂತಿದ್ದಾರೆ. ಬಾಯಿಗೆ ಬಂದ ಹಾಗೆ ಬೈದೆ. "ಅಯ್ಯೋ, ಗಮನ ಇರ್ಲಿಲ್ವೇ" ಎಂದರು. ಅದನ್ನು ಹೇಳಿದ ರೀತಿ ನನಗೆ ಸರಿ ಕಾಣಲಿಲ್ಲ. ಮರುದಿನ ಫಿನಾಯಿಲ್ ಬಾಟಲಿಯ ಮುಚ್ಚಳ ತೆಗೆದು ಇವರ ಕುರ್ಚಿಯ ಕೆಳಗಿಟ್ಟೆ. ಪದಬಂಧ ಬಿಡಿಸುತ್ತಲೇ ಇದ್ದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಹೇಳಿಕೊಳ್ಳುವ ಪೈಕಿ ಅಲ್ಲ ಇವರು. ಮೂಗಿಲ್ಲದ ಹೂಳು ಮೇಷ್ಟ್ರನ್ನು ಯಾರು ಕರೆಯುತ್ತಾರೆ? ಕೆಲಸ ಹೋದರೆ ಹೊಟ್ಟೆಗಿಲ್ಲ ಎಂಬ ಭಯ ನನಗಿರಲಿಲ್ಲ, ಹೇಗೋ ನಡೆಯುತ್ತಿತ್ತು. ಈ ಮನುಷ್ಯ ಮತ್ತೆ ಗೋಡೆ ನೋಡುತ್ತಾ ಕೂತುಬಿಟ್ಟರೆ, ಆಗ ನಾನೇನು ಮಾಡಲಿ ಎಂಬುದಷ್ಟೇ ನನ್ನ ಭಯ. ಅರವತ್ತರ ಹತ್ತಿರ ಬಂದವರಿಗೆ ಇನ್ನೊಂದು ಡಾಕ್ಟರ ಮನೆ ಎಲ್ಲಿಂದ ಸಿಗಬೇಕು?

ಅದಕ್ಕೇ ಮುಂದಿನ ಕೆಲಸದ ದಿನ ಚಪ್ಪಲಿ ಮೆಟ್ಟಿಕೊಂಡು ನಾನೂ ಹೊರಟೆ. "ಮನೇಲಿ ಕೂತು ಕೂತು ಮಂಡಿ ಹಿಡ್ಕೊಂಡಿದೆ. ನಾನೂ ಬರ್ತೀನಿ, ಸ್ವಲ್ಪ ಗಾಳಿ ಸೇವನೆ ಆಗುತ್ತೆ."

"ಕೆಸರಲ್ಲಿ ಎಂಥ ಗಾಳಿ ಸೇವನೆಯೇ?"

"ನಿಮ್ಮ ಪ್ಯಾಂಟು ಒಗೆಯೋವಾಗ ಆಗೋ ಸೇವನೆಗಿಂತ ವಾಸಿ."

ನಾನಂದುಕೊಂಡಷ್ಟು ವಾದ ಮಾಡಲಿಲ್ಲ. ಅಂದಿನಿಂದ ನನ್ನ ಕೆಲಸ ಶುರುವಾಯಿತು. ದಂಡೆಯ ಮೇಲೆ ಸ್ಟೂಲು ಹಾಕಿಕೊಂಡು ಕೂರುವುದು, ಫ್ಲಾಸ್ಕಿನ ಟೀ ಕುಡಿಯುವುದು, ಬೈಯುವುದು. ಬೈಯಲು ನನಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಮಣ್ಣಿನ ವಾಸನೆ ಇರುವ ತನಕ ಮಗಳ ಸಂಸಾರ, ಪಕ್ಕದ ಮನೆಯವಳ ಠೇಂಕಾರ ಎಂದು ಹರಟುತ್ತಿದ್ದೆ. ಮೊಟ್ಟೆಯ ನಾತ ಎದ್ದ ಕೂಡಲೇ "ಥೂ, ಏನ್ ಗಬ್ಬು ರೀ ಇದು! ನನ್ನ ಕೈಲಿ ಆಗಲ್ಲ, ತಲೆ ಸುತ್ತುತ್ತೆ" ಎಂದು ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದೆ. ಇವರು ಸೊಂಟ ನೀವಿಕೊಂಡು ಮೇಲೆ ಬಂದು "ಇವತ್ತಿಗೆ ಸಾಕು, ತಿಳಿಯಾಗ್ಲಿ" ಎನ್ನುತ್ತಿದ್ದರು. ಇವರು ಕೇಳಿದ್ದಿಲ್ಲ, ನಾನು ಹೇಳಿದ್ದಿಲ್ಲ. ಮೂರು ವರ್ಷದಲ್ಲಿ ಒಂದು ಮೀನೂ ಸಾಯಲಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ಮಗಳು ಅಳಿಯ ಊಟಕ್ಕೆ ಬಂದಿದ್ದರು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ನನ್ನ ಮಂಡಿಗೆ ಹೊಸ ಮುಲಾಮು ತಂದಿದ್ದಳು. "ಅಪ್ಪಾ, ಅಮ್ಮನ್ನ ಯಾಕೆ ಕಂಡವರ ಕೊಳಕ್ಕೆಲ್ಲ ಎಳ್ಕೊಂಡು ಹೋಗ್ತೀರಾ? ಮಂಡಿ ನೋಡಿ, ಹೇಗೆ ಊದಿದೆ."

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾನೆಲ್ಲಿ ಎಳ್ಕೊಂಡು ಹೋಗ್ತೀನಮ್ಮಾ? ಅವಳಿಗೆ ಮಾತಾಡೋಕೆ ಜನ ಬೇಕು, ಅದಕ್ಕೆ ಬರ್ತಾಳೆ. ಅಲ್ಲಿ ಅವಳಿಗೆ ಕೆಲಸ ಏನಿದೆ? ಟೀ ಕುಡೀತಾ ನನ್ನನ್ನ ಬೈತಾ ಕೂತಿರ್ತಾಳೆ. ನಾನು ಕಿವಿಗೆ ಹತ್ತಿ ಇಟ್ಕೊಂಡು ಕೆಲಸ ಮಾಡ್ಬೇಕು, ಅಷ್ಟೇ."

ಅಳಿಯ ನಕ್ಕ. ಮಗಳೂ ನಕ್ಕಳು. ನನ್ನ ಕೈಯಲ್ಲಿ ಸೌಟಿತ್ತು. ಅಳಿಯ ಕೂತಿದ್ದ ಪುಣ್ಯ, ಇಲ್ಲದಿದ್ದರೆ ಏನಾಗುತ್ತಿತ್ತೋ. ಕಿವಿಗೆ ಹತ್ತಿಯಂತೆ! ಮೂರು ವರ್ಷ ಈ ಮಂಡಿ ಎಳೆದುಕೊಂಡು ಹೋಗಿ ನಾತ ಕುಡಿದದ್ದು ಯಾರ ಮಾನ ಉಳಿಸಲು? ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಆದರೆ ಅವತ್ತು ಬಂದದ್ದು ಹೋಗಲಿಲ್ಲ. ಆಗಲಿ, ನಾಳೆಯಿಂದ ಒಂದು ಮಾತಾಡಿದರೆ ಕೇಳಿ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಮರುದಿನ ಲೈಬ್ರರಿಯಮ್ಮನವರ ಮನೆ. ಊರಿನ ಲೈಬ್ರರಿಯಲ್ಲಿ ಮೂವತ್ತು ವರ್ಷ ಪುಸ್ತಕ ಕೊಟ್ಟು ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಅಷ್ಟು ವರ್ಷ ಪಿಸುಗುಟ್ಟಿ ಅವರಿಗೆ ಜೋರಾಗಿ ಮಾತಾಡುವುದೇ ಮರೆತುಹೋಗಿದೆ. ಹಿತ್ತಲಿನಲ್ಲಿ ಎರಡು ಮಂಚದಷ್ಟು ಅಗಲದ ಸಿಮೆಂಟಿನ ಕೊಳ, ಮೇಲೆ ಒಂದು ಭಾರಿ ಮರ. ಒಟ್ಟು ಒಂಬತ್ತು ಮೀನು. ಅವುಗಳಲ್ಲಿ ಮೊಳದುದ್ದದ ಒಂದು ಬೂದು ಬಣ್ಣದ್ದು, ಬೆನ್ನ ಮೇಲೆ ಕಿತ್ತಳೆ ಮಚ್ಚೆ. ಅದರ ಹೆಸರು ತಾತ. ಅವರ ಅಪ್ಪ ತಂದು ಬಿಟ್ಟದ್ದು, ಅಪ್ಪ ಹೋಗಿ ಹದಿನೆಂಟು ವರ್ಷವಾಗಿತ್ತು. ಬೆಳಿಗ್ಗೆ ಅವರು ದಂಡೆಗೆ ಬಂದರೆ ತಾತ ಬಂದು ಅವರ ಬೆರಳಿಗೆ ಬಾಯಿ ತಾಗಿಸುತ್ತಿತ್ತು.

ಇವರು ಚಿಕ್ಕ ಮೀನು ಐದನ್ನು ಕೊಳದ ನೀರು ತುಂಬಿದ ಟಬ್ಬಿಗೆ ಹಾಕಿದರು. ದೊಡ್ಡವು ನಾಲ್ಕು ಬಲೆಯ ಆಚೆ. ಮಂಡಿಮಟ್ಟ ನೀರಿನಲ್ಲಿ ಇಳಿದು, ಅಗಲದ ಹಲಗೆಯಿಂದ ಹೂಳನ್ನು ಮೆಲ್ಲಗೆ ಮೂಲೆಗೆ ತಳ್ಳಿ, ಬಕೆಟ್ಟಿನಲ್ಲಿ ಮೊಗೆದು ಗಿಡಗಳ ಬುಡಕ್ಕೆ ಸುರಿಯತೊಡಗಿದರು. ಲೈಬ್ರರಿಯಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದರು. ನಾನು ಸ್ಟೂಲಿನ ಮೇಲೆ, ಬಾಯಿಗೆ ಬೀಗ.

ಹತ್ತು ಬಕೆಟ್ ಮಣ್ಣಿನ ವಾಸನೆ. ಹನ್ನೊಂದನೆಯದಕ್ಕೆ ನನಗೆ ಗೊತ್ತಾಯಿತು. ಸಣ್ಣಗೆ, ಎಲ್ಲೋ ಅಡಿಯಿಂದ. ಥೂ ಎಂಬುದು ನಾಲಿಗೆಯ ತುದಿಗೆ ಬಂತು, ನುಂಗಿದೆ. ಕೇಳಲಿ. ಬಾಯಿಬಿಟ್ಟು ಒಂದೇ ಒಂದು ಸಲ ಕೇಳಲಿ, ನನಗೆ ಇಲ್ಲಿ ಕೆಲಸ ಇದೆಯೋ ಇಲ್ಲವೋ ಗೊತ್ತಾಗಲಿ. ಇವರು ಸೊಂಟ ನೆಟ್ಟಗೆ ಮಾಡಿ ನನ್ನ ಕಡೆ ನೋಡಿದರು. ನಾನು ಕಾಂಪೌಂಡ್ ಗೋಡೆ ನೋಡಿದೆ. ಮತ್ತೆ ಬಗ್ಗಿದರು. ಹನ್ನೆರಡು, ಹದಿಮೂರು. ಈಗ ನಾತ ಮುಖಕ್ಕೆ ಹೊಡೆಯುತ್ತಿತ್ತು. ಇನ್ನೊಂದು ಬಕೆಟ್, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಹಾಗಂದುಕೊಂಡದ್ದು ನಿಜ, ಇಲ್ಲಿ ಮುಚ್ಚಿಡುವುದಿಲ್ಲ.

ಹಲಗೆಯ ಹಿಂದೆ ಗುಳುಗುಳು ಗುಳ್ಳೆ ಎದ್ದವು. ಬಲೆಯ ಆಚೆ ನಾಲ್ಕು ಬಾಯಿ ಒಟ್ಟಿಗೇ ನೀರಿನ ಮೇಲೆ ಬಂದು ತೆರೆದುಕೊಂಡವು. "ರೀ, ನಿಲ್ಲಿಸಿ!" ಎಂದು ನಾನು ಕಿರುಚುವುದೂ, ಲೈಬ್ರರಿಯಮ್ಮ "ತಾತ!" ಎಂದು ಕೂಗುವುದೂ ಒಂದೇ ಆಯಿತು. ಅವರ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಯಾರು ಏನು ಮಾಡಿದೆವೋ ಸರಿಯಾಗಿ ನೆನಪಿಲ್ಲ. ಇವರು ಹಲಗೆ ಬಿಸಾಕಿ ಬಲೆ ಕಿತ್ತರು. ನಾನು ಮಂಡಿಯನ್ನೂ ಮರೆತು ಸೀರೆ ಸಮೇತ ನೀರಿಗೆ ಇಳಿದೆ. ಒಂದೊಂದೇ ಮೀನನ್ನು ತೋಳಲ್ಲಿ ಅವುಚಿ ಟಬ್ಬಿಗೆ ಸಾಗಿಸಿದೆವು. ಎರಡು ದಿನ ಮೊದಲೇ ತುಂಬಿಸಿಟ್ಟಿದ್ದ ಡ್ರಮ್ಮಿನ ನೀರು ಸುರಿದೆವು, ಗಾಳಿ ಸೇರಲಿ ಎಂದು ಲೈಬ್ರರಿಯಮ್ಮ ತಂಬಿಗೆಯಲ್ಲಿ ಎತ್ತಿ ಎತ್ತಿ ಹೊಯ್ದರು. ಮೂರು ಮೀನು ಚೇತರಿಸಿಕೊಂಡವು. ತಾತ ಪಕ್ಕಕ್ಕೆ ವಾಲಿತ್ತು. ಇವರು ಅದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಕಿವಿರಿನೊಳಗೆ ನೀರು ಹಾಯಲಿ ಎಂದು ಟಬ್ಬಿನಲ್ಲಿ ಹಿಂದೆ ಮುಂದೆ ನಡೆಸಿದರು. ಒಂದು ಗಂಟೆಯ ಹೊತ್ತು ನಡೆಸಿದರು. ಅದು ಸತ್ತು ಬಹಳ ಹೊತ್ತಾಗಿದೆ ಎಂದು ನಮಗೆ ಮೂವರಿಗೂ ಗೊತ್ತಿತ್ತು, ಆದರೂ ಯಾರೂ ಸಾಕು ಎನ್ನಲಿಲ್ಲ.

ಕೊನೆಗೆ ಲೈಬ್ರರಿಯಮ್ಮನೇ ಹೇಳಿದರು, "ಬಿಡಿ ಮೇಷ್ಟ್ರೇ. ವಯಸ್ಸಾಗಿತ್ತು, ಅಲ್ವಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ಒಳಗೊಳಗೇ ಹೂಂ ಅನ್ನಿ, ಹೂಂ ಅನ್ನಿ ಎಂದು ಬೇಡಿಕೊಂಡೆ.

"ವಯಸ್ಸಲ್ಲಮ್ಮಾ," ಎಂದರು ಇವರು. "ಕೊಂದಿದ್ದು ನಾನು. ಜ್ವರ ಬಂದು ನನ್ನ ಮೂಗು ಸತ್ತು ಮೂರು ವರ್ಷ ಆಯ್ತು. ಹೂವೂ ಗೊತ್ತಾಗಲ್ಲ, ಹೂಳೂ ಗೊತ್ತಾಗಲ್ಲ. ನಿಮಗೆಲ್ಲ ಮೋಸ ಮಾಡ್ಕೊಂಡು ಬಂದಿದೀನಿ. ಇವಳ ಮೂಗು ನಂಬ್ಕೊಂಡು ಕೆಲಸ ಮಾಡ್ತಿದ್ದೆ. ಇವಳು ಬೈದಾಗ ನಿಲ್ಲಿಸ್ತಿದ್ದೆ, ಇವಳು ಬೈಯೋ ತನಕ ತೆಗೀತಿದ್ದೆ. ಇವಳಿಗೂ ಹೇಳಿರ್ಲಿಲ್ಲ. ಇವತ್ತು ಪಾಪ ಮಂಡಿ ನೋವು ಜಾಸ್ತಿ ಇರ್ಬೇಕು, ಗಮನ ಹೋಗಿಲ್ಲ. ಕೇಳ್ಬೇಕಾಗಿದ್ದು ನಾನು."

ನಾನು ಗೋಡೆ ನೋಡಿ ಕೂತದ್ದು ಗೊತ್ತಿದ್ದೂ ತಪ್ಪನ್ನು ನನ್ನ ಮಂಡಿಯ ಮೇಲೆ ಹಾಕಿ ನನ್ನನ್ನು ಬಿಡಿಸಿಬಿಟ್ಟರು. ಜನ್ಮದಲ್ಲಿ ಮಾತಿಗೆ ತಡಕಾಡದವಳು ನಾನು, ಅವತ್ತು ಒಂದು ವಾಕ್ಯಕ್ಕೆ ತಡಕಾಡಿದೆ.

"ನನಗೆ ವಾಸನೆ ಬಂದಿತ್ತು," ಎಂದೆ. "ಹನ್ನೊಂದನೇ ಬಕೆಟ್ಟಿಗೇ ಬಂದಿತ್ತು. ಇವರ ಮೇಲೆ ಕೋಪ ಇತ್ತು. ಬೇಕಂತಲೇ ಸುಮ್ಮನಿದ್ದೆ."

ಇವರು ನನ್ನ ಮುಖ ನೋಡಲಿಲ್ಲ. ಲೈಬ್ರರಿಯಮ್ಮ ನೋಡಿದರು. ಒಳಗೆ ಹೋಗಿ ಒಂದು ಟವೆಲ್ ತಂದು ತಾತನನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಇನ್ನೂ ಎಷ್ಟು ಹೂಳಿದೆ?" ಎಂದು ಆಮೇಲೆ ಕೇಳಿದರು.

"ಅರ್ಧ ಇದೆ," ಎಂದರು ಇವರು.

"ಕಲಕಿದ್ದನ್ನ ಹಾಗೇ ಬಿಡಬಾರದು ಅಂತ ನನಗೆ ಪಾಠ ಮಾಡಿದ್ದು ನೀವೇ. ಉಳಿದ ಎಂಟು ಅದರಲ್ಲೇ ಬದುಕ್ಬೇಕು. ಮುಂದಿನ ಸೋಮವಾರ ಬನ್ನಿ. ಇಬ್ಬರೂ ಬನ್ನಿ." ಅಷ್ಟು ಹೇಳಿ ಒಳಗೆ ಹೋದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮನೆಗೆ ಬಂದು ಇವರು ಬಟ್ಟೆ ಕೂಡ ಬದಲಿಸದೆ ಹಿತ್ತಲ ಕಲ್ಲಿನ ಮೇಲೆ ಕೂತು, "ಯಾವಾಗಿಂದ ಗೊತ್ತಿತ್ತು ನಿನಗೆ?" ಎಂದರು.

"ಹಾಲು ಸೀದ ದಿನದಿಂದ. ಮಾರನೇ ದಿನ ಫಿನಾಯಿಲ್ ಇಟ್ಟು ನೋಡ್ದೆ."

"ಬಾಟಲಿ ಕಂಡಿತ್ತು ನನಗೆ. ಮೂಗು ಹೋಗಿದ್ದು ನಿಜ, ಕಣ್ಣು ಹೋಗಿರ್ಲಿಲ್ವಲ್ಲ."

"ಮತ್ತೆ ಸುಮ್ಮನೆ ಕೂತಿದ್ರಿ?"

"ಕಂಡೆ ಅಂತ ಹೇಳಿದ್ರೆ ಉಳಿದಿದ್ದೂ ಹೇಳ್ಬೇಕಾಗಿತ್ತಲ್ಲೇ." ಕಾಲಿಗೆ ಒಣಗಿ ಹಿಡಿದಿದ್ದ ಹೂಳನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದರು. "ಮಗಳ ಮುಂದೆ ಹಾಗಂದಿದ್ದು ತಪ್ಪು. ನಿನಗೆ ಕೆಲಸ ಇದೆ ಅಂದ್ರೆ ಏನು ಕೆಲಸ ಅಂತ ಕೇಳ್ತಾಳಲ್ಲ. ಅದಕ್ಕೆ ಹೆದರಿಕೊಂಡೆ."

ಮಾತು ಬೆಳ್ಳಿ ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರಕ್ಕಿಷ್ಟು ಬೆಂಕಿ ಬೀಳ! ನಾವಿಬ್ಬರೂ ಮೂರು ವರ್ಷ ಅದನ್ನು ಕೂಡಿಟ್ಟದ್ದಕ್ಕೆ ಒಬ್ಬ ಒಂಟಿ ಹೆಂಗಸಿನ ಮೀನು ಹೋಯಿತು. ಆ ವಾರ ಇವರು ಮಗಳಿಗೂ, ಡಾಕ್ಟರ ಮನೆಯವರಿಗೂ, ಕೆಲಸಕ್ಕೆ ಕರೆಯುತ್ತಿದ್ದ ಉಳಿದ ಮನೆಯವರಿಗೂ ಒಬ್ಬೊಬ್ಬರಿಗೇ ವಿಷಯ ಹೇಳಿಕೊಂಡು ಬಂದರು. ಇಬ್ಬರು ಇನ್ನು ಬೇಡ ಎಂದರು. ಉಳಿದವರು ನೋಡೋಣ ಎಂದರು. ಇವರು ಮನೆಗೆ ಬಂದು ಕುರ್ಚಿಯಲ್ಲಿ ಕೂತರೆ ನಾನು ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದೆ, ಗೋಡೆ ನೋಡುತ್ತಿದ್ದಾರಾ ಎಂದು.

ಸೋಮವಾರ ಹೋದೆವು. ಲೈಬ್ರರಿಯಮ್ಮ ಗೇಟು ತೆಗೆದರು. ಈ ಸಲ ಇವರ ಪಾಠ ಇರಲಿಲ್ಲ. ಪಕ್ಕದ ಮನೆಯ ದರ್ಜಿ ಸುದ್ದಿ ಕೇಳಿ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದ. ಬಲೆ ಕಟ್ಟಿ ಇವರು ನೀರಿಗೆ ಇಳಿದರು. ಬಲೆಯ ಆಚೆ ದೊಡ್ಡವು ಮೂರೇ ಇದ್ದವು. ಅದನ್ನು ನೋಡುತ್ತಿದ್ದ ಹಾಗೇ ನನಗೆ ಅಳು ಬಂತು. ಸದ್ದಾಗದಿರಲಿ ಎಂದು ಸೆರಗು ಕಚ್ಚಿಕೊಂಡೆ, ನಿಲ್ಲಲೊಲ್ಲದು.

ಇವರು ಹಲಗೆಯನ್ನು ಎರಡು ಸಲ ತಳ್ಳಿ ಒಂದು ಬಕೆಟ್ ಎತ್ತಿದರು. ಎತ್ತಿ ನೇರ ನನ್ನ ಮುಂದೆ ತಂದಿಟ್ಟರು. ದರ್ಜಿ ನೋಡುತ್ತಿದ್ದ, ಲೈಬ್ರರಿಯಮ್ಮ ನೋಡುತ್ತಿದ್ದರು.

"ನನಗೆ ಗೊತ್ತಾಗಲ್ಲ," ಎಂದರು ಎಲ್ಲರಿಗೂ ಕೇಳುವ ಹಾಗೆ. "ವಾಸನೆ ಹೇಗಿದೆ, ನೀನು ನೋಡಿ ಹೇಳು."

ಬಗ್ಗಿದೆ. ಏನೂ ಇಲ್ಲ. ಅತ್ತು ಅತ್ತು ಎರಡೂ ಹೊಳ್ಳೆ ಕಟ್ಟಿಹೋಗಿದ್ದವು. ಹೇಗೋ ಒಂದು ಹೇಳಿಬಿಡೋಣ ಎನ್ನಿಸಿತು, ಎಲ್ಲರೂ ನೋಡುತ್ತಿದ್ದಾರೆ.

"ಮೂಗು ಕಟ್ಟಿದೆ ರೀ," ಎಂದೆ. "ನನಗೂ ಗೊತ್ತಾಗ್ತಿಲ್ಲ. ಸ್ವಲ್ಪ ತಡೀರಿ."

"ತಡೀತೀನಿ," ಎಂದರು.

ಲೈಬ್ರರಿಯಮ್ಮ ಎದ್ದು ಒಳಗೆ ಹೋಗಿ ಒಂದು ಲೋಟ ಬಿಸಿನೀರು, ಮಡಿಚಿದ ಒಂದು ಕರವಸ್ತ್ರ ತಂದು ನನ್ನ ಕೈಯಲ್ಲಿಟ್ಟರು. ನಾನು ಮೂಗು ಸೀನಿ, ಆವಿ ತೆಗೆದುಕೊಂಡು, ಮತ್ತೆ ಸೀನಿದೆ. ಅಷ್ಟು ಹೊತ್ತೂ ಇವರು ಮಂಡಿಮಟ್ಟ ನೀರಿನಲ್ಲಿ ಕೈಕಟ್ಟಿ ನಿಂತೇ ಇದ್ದರು. ಒಂದು ಹೆಜ್ಜೆಯನ್ನೂ ಕದಲಿಸಲಿಲ್ಲ, ಕಾಲು ಆಡಿಸಿದರೂ ತಳದ ಹೂಳು ಏಳುತ್ತದೆ.